ಲೇಶವೂ ಇಲ್ಲದ ಲೋಟ

ಇನ್‌ಸ್ಪೆಕ್ಟರ್ ನಿತಿನ್ ಬೋಂಡೆ ಕಾಗದವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದ. ಬೆಳಿಗ್ಗೆಯಿಂದ ಕುಸ್ತಿ ಗೆದ್ದ ಪೈಲ್ವಾನನ ಹಾಗೆ ಠಾಣೆ ತುಂಬ ಓಡಾಡುತ್ತಿದ್ದ ಮನುಷ್ಯ ಈಗ ಮುಖ ಇಳಿಬಿಟ್ಟಿದ್ದ. ಅದನ್ನು ನೋಡಿಯೇ ನನಗೆ ಹೋದ ಜೀವ ಬಂದಂತಾಯಿತು.

ಗಂಟೆ ಮೂರು ದಾಟಿತ್ತು. ಐದಕ್ಕೆ ರಚನಾಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವವರಿದ್ದರು. ಇಪ್ಪತ್ತಾರರ ಆ ಹುಡುಗಿ ಪಕ್ಕದ ಕೋಣೆಯ ಬೆಂಚಿನ ಮೇಲೆ ಕೊಲೆಯ ಆರೋಪ ಹೊತ್ತು ಕುಳಿತಿದ್ದಳು. ಒಳಗೆ ಹೋದರೆ ಎಂದು ಹೊರಬರುತ್ತಾಳೋ ಯಾರಿಗೂ ಗೊತ್ತಿರಲಿಲ್ಲ.

ಹೋದ ಶನಿವಾರ ಸಂಜೆ ಬಜಾಜ್ ನಗರದ ಬಿಂದುಮಾಧವರಾಯರು ಕಷಾಯ ಕುಡಿದು ಕುರ್ಚಿಯಲ್ಲೇ ತೀರಿಕೊಂಡಿದ್ದರು, ಕಷಾಯದಲ್ಲಿ ನಿದ್ದೆಯ ಔಷಧ ಸಿಕ್ಕಿತ್ತು, ಮತ್ತು ಕಷಾಯ ಕುದಿಸಿದವಳು ಅವರ ಹೆಂಡತಿಯ ಅಣ್ಣನ ಮಗಳು ರಚನಾ. ಆರನೇ ವಯಸ್ಸಿನಲ್ಲಿ ತಾಯಿ ತಂದೆ ಕಳೆದುಕೊಂಡು ಗದಗಿನಿಂದ ನಾಗಪುರಕ್ಕೆ ಬಂದವಳು. ಅವಳನ್ನು ಸಾಕಿದ್ದು ಆ ಮನೆಯೇ.

ಪೊಲೀಸರು ಮೊದಲು ಎರಡೇ ಲೋಟ ಲ್ಯಾಬಿಗೆ ಕಳಿಸಿದ್ದರು. ರಾಯರ ಲೋಟದ ಮುಂದೆ ದೊಡ್ಡ ಅಂಕಿ ಬಂದಿತ್ತು. ರಚನಾಳ ಲೋಟದ ಮುಂದೆ ಅಂಕಿಯೇ ಇಲ್ಲ, ಒಂದೇ ಒಂದು ಇಂಗ್ಲಿಷ್ ಶಬ್ದ: ಟ್ರೇಸ್. ಬೋಂಡೆಗೆ ಅಷ್ಟೇ ಸಾಕಾಯಿತು. ತನ್ನ ಲೋಟದಲ್ಲಿ ಕಲಸಿ ಮಾವನ ಲೋಟಕ್ಕೆ ಸುರಿದಿದ್ದಾಳೆ, ತಳದಲ್ಲಿ ಸ್ವಲ್ಪ ಉಳಿದಿದೆ ಎಂದು ಕಥೆ ಕಟ್ಟಿ ಇವತ್ತು ಬೆಳಿಗ್ಗೆ ಅವಳನ್ನು ಎಳೆತಂದ.

ಈ 'ಸ್ವಲ್ಪ' ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಪ್ಪತ್ತೆರಡು ವರ್ಷ ವಿಮಾ ಕಂಪನಿಯಲ್ಲಿ ಕ್ಲೇಮು ತನಿಖೆ ಮಾಡಿದವಳು ನಾನು. ಗೋದಾಮು ಸ್ವಲ್ಪ ಸುಟ್ಟಿತು, ಲಾರಿ ಸ್ವಲ್ಪ ತಗುಲಿತು, ಡ್ರೈವರ್ ಸ್ವಲ್ಪ ಕುಡಿದಿದ್ದ. ಎಷ್ಟು ಎಂದು ಕೇಳಿದರೆ ಎಲ್ಲರೂ ಆಕಾಶ ನೋಡುತ್ತಾರೆ. ಅದಕ್ಕೇ ಮೊದಲ ವರದಿ ಬಂದ ದಿನ ಮದ್ದುಗುಂಡು ತಯಾರಿಸುವ ಆರ್ಡ್‌ನನ್ಸ್ ಕಾರ್ಖಾನೆಯ ನಿವೃತ್ತ ಕೆಮಿಸ್ಟ್ ಸಿದ್ದಲಿಂಗಯ್ಯನವರಿಗೆ ಫೋನ್ ಮಾಡಿ, ಟ್ರೇಸ್ ಅಂದರೆ ಎಷ್ಟು ಎಂದು ಕೇಳಿದ್ದೆ. ಈಗ ಅವರು ಖಾಸಗಿ ಲ್ಯಾಬೊಂದನ್ನು ನೋಡಿಕೊಳ್ಳುತ್ತಾರೆ.

"ಐತಿ ಅಂತ ಯಂತ್ರ ಹೇಳತೈತಿ, ತಂಗಿ. ಎಷ್ಟ್ ಐತಿ ಅಂತ ಹೇಳಾಕ ಅದಕ್ಕ ಧೈರ್ಯ ಇಲ್ಲ. ಅಂಥಲ್ಲಿ ನಾವು ಅಂಕಿ ಬರಿಯೂದಿಲ್ಲ, ಟ್ರೇಸ್ ಅಂತ ಬರದು ಸಹಿ ಹಾಕ್ತೀವಿ."

ಅಂಥ ಲೇಶಮಾತ್ರ ಔಷಧ ಯಾವ ಲೋಟಕ್ಕೆ ಬೇಕಾದರೂ ಹತ್ತಬಹುದು ಎಂದೂ ಹೇಳಿದರು. ಆ ಮಾತು ಹಿಡಿದುಕೊಂಡೇ ನಾನು ಬೋಂಡೆಯ ಬೆನ್ನು ಬಿದ್ದೆ. ಶೆಲ್ಫಿನ ಮೇಲಿದ್ದ ಉಳಿದ ಲೋಟಗಳನ್ನೂ ಕಳಿಸು ಎಂದು ಎರಡು ದಿನ ತಲೆ ತಿಂದೆ. ಕೊನೆಗೆ ನನ್ನ ಕಾಟ ತಾಳಲಾರದೆ ಕಳಿಸಿದ್ದ. ಅದರ ವರದಿಯೇ ಈಗ ನನ್ನ ಕೈಯಲ್ಲಿತ್ತು.

ನಮ್ಮ ಕಡೆ ಸ್ಟೀಲಿನ ಪಾತ್ರೆಗೆ ಹೆಸರು ಹಾಕಿಸುತ್ತಾರೆ. ರಾಯರ ಮನೆಯ ನಾಲ್ಕೂ ಲೋಟಗಳ ಮೇಲೆ ಕನ್ನಡದಲ್ಲಿ ಹೆಸರಿತ್ತು; ಒಬ್ಬರ ಲೋಟದಲ್ಲಿ ಇನ್ನೊಬ್ಬರು ಕುಡಿಯುತ್ತಿರಲಿಲ್ಲ. ಬೋಂಡೆಗೆ ಕನ್ನಡ ಬಾರದು. ಯಾವ ಲೋಟ ಯಾರದೆಂದು ಓದಿ ಹೇಳಿ, ಚೀಟಿ ಬರೆದುಕೊಟ್ಟವಳೂ ನಾನೇ.

ರಾಯರದು: ಅದೇ ದೊಡ್ಡ ಅಂಕಿ. ರಚನಾಳದು: ಟ್ರೇಸ್. ಮಗ ಆನಂದನದು: ಟ್ರೇಸ್.

ಆನಂದ್ ಸಾವನೇರಿನ ಕಲ್ಲಿದ್ದಲು ಗಣಿಯಲ್ಲಿ ಕೆಲಸದಲ್ಲಿದ್ದ. ಶನಿವಾರ ಮನೆಗೆ ಬಂದು, ತನ್ನ ಪಾಲಿನ ಕಷಾಯ ಕುಡಿದು ಪೇಟೆಗೆ ಹೋಗಿದ್ದ. ಹಾಗಾದರೆ ಅವನೂ ತನ್ನ ಲೋಟದಲ್ಲಿ ಔಷಧ ಕಲಸಿದನೇ ಎಂದು ನಾನು ಬೋಂಡೆಯನ್ನು ಕೇಳಿದೆ.

ನಾಲ್ಕನೆಯದು ರಾಯರ ಹೆಂಡತಿ ಅನಸೂಯಕ್ಕನ ಲೋಟ. ಅದರ ಮುಂದೆ ಅಂಕಿಯೂ ಇಲ್ಲ, ಟ್ರೇಸೂ ಇಲ್ಲ. ನಿಲ್, ಅಂದರೆ ಸೊನ್ನೆ.

ಅದಕ್ಕೆ ಬೋಂಡೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮುದುಕಿ ಅವತ್ತು ಕಷಾಯ ಕುಡಿದಿರಲಿಕ್ಕಿಲ್ಲ, ಲೋಟ ಶೆಲ್ಫಿನಲ್ಲೇ ಇದ್ದಿರಬೇಕು ಎಂದ. ನಾನೂ ಹೂಂ ಅಂದೆ. ಆದರೆ ಕುಡಿದೆ ಎಂದು ಅನಸೂಯಕ್ಕ ತಾವೇ ನನಗೆ ಹೇಳಿದ್ದರು.

ರಚನಾಳನ್ನು ಕರೆಸಿದರು. ಅತ್ತು ಅತ್ತು ಕಣ್ಣು ಬಾತಿದ್ದವು. ಲೋಟಗಳನ್ನು ಒರೆಸಿದ್ದು ಹೇಗೆ ಎಂದು ಕೇಳಿದೆ. ನಾಲ್ಕೂವರೆಗೆ ಮಾವ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು, ಅವರ ಲೋಟ ಉರುಳಿ ಉಳಿದ ಕಷಾಯ ಟೀಪಾಯಿಯ ಮೇಲೆ ಚೆಲ್ಲಿತ್ತು, ಅಡುಗೆಮನೆಯ ಬಟ್ಟೆ ತಂದು ಒರೆಸಿದೆ, ಅವರ ಲೋಟ ಅಲ್ಲೇ ಬಿಟ್ಟು ಒಳಗೆ ಹೋಗಿ, ನನ್ನ ಮತ್ತು ಆನಂದನ ಲೋಟ ತೊಳೆದು ಅದೇ ಬಟ್ಟೆಯಲ್ಲಿ ಒರೆಸಿಟ್ಟೆ ಎಂದಳು. ಮರಾಠಿಯಲ್ಲೇ ಹೇಳಿದಳು. ಬೋಂಡೆ ಕಣ್ಣು ಮುಚ್ಚಿ ಹಣೆ ಉಜ್ಜಿಕೊಂಡ. ಅವನ ಕೇಸು ಆ ಬಟ್ಟೆಯ ಜೊತೆಗೇ ಕೊಚ್ಚಿಹೋಗಿತ್ತು.

ಆಮೇಲೆ ನಾನು ಕನ್ನಡದಲ್ಲಿ ಕೇಳಿದೆ. ಯಾಕೆ ಕನ್ನಡದಲ್ಲಿ ಕೇಳಿದೆನೋ, ನನ್ನ ಬಾಯಿಗೆ ಆ ಬುದ್ಧಿ ಎಲ್ಲಿಂದ ಬಂತೋ ತಿಳಿಯದು.

"ಅತ್ತೀ ಲೋಟಾನೂ ನೀನ ತೊಳದೇನು?"

"ಇಲ್ಲ ಮಾವಶಿ," ಎಂದಳು, ಮರಾಠಿ ರೂಢಿಯಂತೆ ನನ್ನನ್ನು ಚಿಕ್ಕಮ್ಮ ಎಂದು ಕರೆಯುತ್ತ. "ಅದು ಆಗಲೇ ತೊಳದು ಬೋರಲ ಹಾಕಿತ್ತು. ಅದನ್ನ ನಾನು ಮುಟ್ಟಲಿಲ್ಲ."

"ಯಾರು ತೊಳದ್ರು?"

ರಚನಾ ಬಾಯಿ ತೆರೆದಳು, ಮುಚ್ಚಿದಳು. ಕೈ ನಡುಕ ಶುರುವಾದಾಗಿನಿಂದ, ಅಂದರೆ ಎರಡು ವರ್ಷದಿಂದ, ಅತ್ತೆ ಒಂದು ಚಮಚ ಕೂಡ ತೊಳೆದದ್ದಿಲ್ಲ ಎಂದು ಅವಳೇ ನನಗೆ ಹಿಂದೆ ಹೇಳಿದ್ದಳು. ಆ ಮಾತು ಅವಳಿಗೂ ನೆನಪಾಯಿತು. ಅವಳ ಮುಖದ ಬಣ್ಣ ನನ್ನ ಕಣ್ಣೆದುರಿಗೇ ಇಳಿದುಹೋಯಿತು.

ಏನು ಎಂದು ಬೋಂಡೆ ಕೇಳಿದ. ಏನಿಲ್ಲ, ಮನೆಯ ಮಾತು ಎಂದೆ.

ಬೋಂಡೆ ಕೆಟ್ಟವನಲ್ಲ. ಮೇಲಿನವರಿಗೆ ಫೋನ್ ಮಾಡಿ ಹತ್ತು ನಿಮಿಷ ಹೌದು ಸಾಹೇಬ್, ಇಲ್ಲ ಸಾಹೇಬ್ ಎಂದ. ಕೊನೆಗೆ, ಕರೆದಾಗ ಬರಬೇಕೆಂದು ಬರೆಸಿಕೊಂಡು ಹುಡುಗಿಯನ್ನು ಇವತ್ತಿಗೆ ಬಿಡುತ್ತೇನೆ, ಕಾಗದಪತ್ರಕ್ಕೆ ಒಂದು ಗಂಟೆ ಬೇಕು ಎಂದ. ನಾನು ಹೊರಡುವಾಗ ಬಾಗಿಲ ತನಕ ಬಂದು ದನಿ ತಗ್ಗಿಸಿದ. ರಾಯರ ಹೊಟ್ಟೆ ಸೇರಿದ್ದು ಹೆಚ್ಚುಕಡಿಮೆ ಒಂದು ಇಡೀ ಶೀಶೆ ಎಂದು ಡಾಕ್ಟರು ಹೇಳಿದ್ದಾರೆ, ಶೀಶೆ ಇನ್ನೂ ಸಿಕ್ಕಿಲ್ಲ, ಇದು ನಿಮಗೆ ಮತ್ತು ನನಗೆ ಬಿಟ್ಟು ಯಾರಿಗೂ ಗೊತ್ತಾಗಬಾರದು ಎಂದ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಆಟೋದಲ್ಲಿ ಕೂತವಳಿಗೆ ದಾರಿ ಕಂಡದ್ದೇ ಇಲ್ಲ. ಪೊಲೀಸರ ಅನುಮಾನ ರಚನಾಳ ಮೇಲೆ ಬಿದ್ದ ದಿನವೇ ನನ್ನ ಮನೆಗೆ ಬಂದು, ಎರಡೂ ಕೈ ಹಿಡಿದು, ಈ ಕೇಸಿನಿಂದ ರಚನಾನ ಬಿಡಿಸು ಎಂದು ಗೋಗರೆದವರು ಅನಸೂಯಕ್ಕನೇ. ಹದಿನೆಂಟು ವರ್ಷದ ಪರಿಚಯ. ನಾನು ಧಾರವಾಡದಿಂದ ವರ್ಗವಾಗಿ ಈ ಊರಿಗೆ ಬಂದಾಗ ಮೊದಲ ತಿಂಗಳು ಅನ್ನ ಹಾಕಿದ ಕೈ ಅದು. ದೇವರೇ, ನನ್ನ ಲೆಕ್ಕ ತಪ್ಪಿರಲಿ ಎಂದು ಬೇಡಿಕೊಂಡೆ.

ಮನೆಯಲ್ಲಿ ಅವರೊಬ್ಬರೇ ಇದ್ದರು. ಆನಂದ್ ವಕೀಲರ ಬಳಿ ಹೋಗಿದ್ದ. ಕೂಲರ್ ಸದ್ದು ಮಾಡುತ್ತಿತ್ತು. ರಚನಾಳನ್ನು ಬಿಡುತ್ತಿದ್ದಾರೆ ಎಂದು ಹೇಳಿದ ಕೂಡಲೇ ಅನಸೂಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ನನಗೂ ಅಳು ಬಂತು. ಆದರೆ ನನ್ನದು ಬೇರೆ ಅಳು.

ನೀರು ಬೇಕೆಂದು ಅಡುಗೆಮನೆಗೆ ಹೋದೆ. ಅವರೂ ಹಿಂದೆ ಬಂದರು. ನೀರು ಕುಡಿದು ಲೋಟವನ್ನು ನಲ್ಲಿಯ ಕೆಳಗೆ ಇಟ್ಟು, ಫೋನ್ ಬಂತೆಂದು ನೆಪ ಹೇಳಿ ಪಕ್ಕಕ್ಕೆ ಸರಿದು ನಿಂತೆ. ಇಂಥ ಕಪಟ ನನ್ನ ವೃತ್ತಿಯಲ್ಲಿ ನೂರು ಸಲ ಮಾಡಿದ್ದೇನೆ. ಅವತ್ತಿನಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಅನಸೂಯಕ್ಕನ ಕೈ ನಡುಗುತ್ತಿತ್ತು. ಆದರೂ ಲೋಟ ಕೈಗೆ ಬಂದದ್ದೇ ಸೋಪು ಹಚ್ಚಿ ತೊಳೆದರು. ತುಸು ನೀರು ಹಿಡಿದು ಒಳಗೆಲ್ಲ ತಿರುಗಿಸಿ ಚೆಲ್ಲಿದರು. ಮತ್ತೆ ನೀರು, ಮತ್ತೆ ತಿರುಗಿಸಿದರು, ಚೆಲ್ಲಿದರು. ಮೂರನೆಯ ಸಲವೂ ಹಾಗೆಯೇ ಮಾಡಿ, ಜಾಲರಿಯ ಮೇಲೆ ಬೋರಲು ಹಾಕಿದರು. ನಾನು ಒರೆಸುವ ಬಟ್ಟೆ ಚಾಚಿದೆ. ನನ್ನ ಕೈಯನ್ನು ಹಿಂದಕ್ಕೆ ತಳ್ಳಿದರು.

"ಬಟ್ಟಿ ಮುಟ್ಟಸಬಾರದು, ವಸುಧಾ. ಎಲ್ಲಾ ಕೆಡಸೂದು ಬಟ್ಟೀನ."

ಹೇಳಿ ಮುಗಿಸುವ ಮೊದಲೇ ಅವರಿಗೆ ತಾವು ಏನು ಮಾಡಿದೆವೆಂದು ತಿಳಿಯಿತು. ಸಿದ್ದಲಿಂಗಯ್ಯನವರ ಜೊತೆ ಅದೇ ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಗಾಜಿನ ಸಾಮಾನು ತೊಳೆದು, ಪರೀಕ್ಷೆ ಮಾಡಿ, ವರದಿ ಬರೆದ ಕೈ ಅದು. ನಡುಕ ಬಂದರೂ ಅದರ ರೂಢಿ ಹೋಗಿರಲಿಲ್ಲ.

ನಾನು ವರದಿಯ ವಿಷಯ ಹೇಳಿದೆ. ರಚನಾ ಒರೆಸಿದ ಎರಡೂ ಲೋಟಕ್ಕೆ ಔಷಧ ಹತ್ತಿದೆ, ಅಕ್ಕಾ, ನಿಮ್ಮದಕ್ಕೆ ಮಾತ್ರ ಇಲ್ಲ. ನೀವು ಅದನ್ನು ತುಂಬ ಚೆನ್ನಾಗಿ ತೊಳೆದದ್ದೇ ತಪ್ಪಾಯಿತು. ಅವತ್ತು ಆ ಒಂದು ಲೋಟ ಯಾಕೆ ತೊಳೆದಿರಿ?

ಅನಸೂಯಕ್ಕ ಅಡುಗೆಮನೆಯ ನೆಲದ ಮೇಲೇ ಕುಳಿತರು. ನಾನೂ ಕುಳಿತೆ. ಅವರು ಸುಳ್ಳು ಹೇಳುತ್ತಾರೆಂದು ಕಾದೆ. ಅವರು ಸುಳ್ಳು ಹೇಳಲಿಲ್ಲ.

ಕಷಾಯ ಕುದಿಸುವುದು ರಚನಾ, ಆದರೆ ನಾಲ್ಕು ಲೋಟಕ್ಕೆ ಬಗ್ಗಿಸುವುದು ರಾಯರೇ. ಎರಡು ವರ್ಷದಿಂದ ಅದೊಂದು ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹೆಂಡತಿಯ ಕೈ ನಡುಗುತ್ತದಲ್ಲ, ಪಾಪ ಎಂದು ನೋಡಿದವರೆಲ್ಲ ಹೊಗಳುತ್ತಿದ್ದರು. ನಾನೂ ಹೊಗಳಿದವಳೇ. ಕುಡಿದ ಮೇಲೆ ಅನಸೂಯಕ್ಕನ ನಾಲಿಗೆ ತೊದಲುತ್ತಿತ್ತು, ಹೇಳಬೇಕೆಂದ ಮಾತು ಮರೆತುಹೋಗುತ್ತಿತ್ತು, ಮಲಗಿದರೆ ಸಾಕೆನಿಸುತ್ತಿತ್ತು. ವಯಸ್ಸಾಯಿತು ಎಂದುಕೊಂಡಿದ್ದರು. ಹೋದ ತಿಂಗಳು ಒಂದು ದಿನ ತಳದ ಗುಟುಕು ಕಹಿ ಎನಿಸಿತು. ಹಳೆಯ ಚಾಳಿ ಬಿಡಲಿಲ್ಲ. ಆ ಗುಟುಕನ್ನು ಕುಡಿಯದೆ ಚಿಕ್ಕ ಬಾಟಲಿಯಲ್ಲಿ ಹಿಡಿದು, ಓಣಿಯವರದು ಎಂದು ಹೇಳಿ ಸಿದ್ದಲಿಂಗಯ್ಯನವರ ಲ್ಯಾಬಿಗೆ ಕೊಟ್ಟರು.

"ಚೀಟಿ ಬಂತು. ಔಷಧದ ಹೆಸರು, ಅದರ ಮುಂದ ಟ್ರೇಸ್ ಅಂತ. ಅಷ್ಟ. ನಿಲ್ ಅಂದ್ರ ಇಲ್ಲ, ಮುಗೀತು. ಅಂಕಿ ಬಂದ್ರ ಜಗಳಾಡಬಹುದು, ಕಡಿಮಿ ಹೆಚ್ಚು ಅನಬಹುದು. ಟ್ರೇಸ್ ಅಂದ್ರ ಅದ, ಖರೇನ ಅದ, ಆದ್ರ ಎಷ್ಟು ಅಂತ ಯಾರೂ ಜವಾಬ್ದಾರಿ ತಗೋಳೂದಿಲ್ಲ. ಮೂವತ್ತೊಂದು ವರ್ಷ ಆ ಶಬ್ದ ಬರದು ಸಹಿ ಮಾಡೀನಿ, ವಸುಧಾ. ನನ್ನ ಲೋಟಕ್ಕ ಬರೀತಾರ ಅಂತ ಒಂದು ದಿನಾನೂ ಅನಿಸಿರಲಿಲ್ಲ."

ಯಾಕೆ ಎಂದು ಕೇಳಿದೆ. ಆಸ್ತಿಗೋ, ಇನ್ನೊಬ್ಬಳಿಗೋ ಎಂದು ನನ್ನ ತನಿಖೆಯ ತಲೆ ಆಗಲೇ ಓಡುತ್ತಿತ್ತು.

"ಕೇಳಿದೆ. ಶುಕ್ರವಾರ ಮಧ್ಯಾಹ್ನ ಎದುರಿಗೆ ನಿಂತ ಕೇಳಿದೆ. ಪೇಪರ್ ಕೆಳಗ ಸೈತ ಇಡಲಿಲ್ಲ. ನೀನು ಭಾಳ ಮಾತಾಡ್ತೀ, ಸಂಜೀಮುಂದ ನನಗ ಸ್ವಲ್ಪ ಶಾಂತತಾ ಬೇಕಿತ್ತು, ದಿನಾ ಎರಡು ಹನಿ ಹಾಕ್ತಿದ್ದೆ, ಅಷ್ಟರಿಂದ ಏನಾಗ್ತದ ಅಂದ್ರು."

ಸಂಜೆಯ ಹೊತ್ತು ಮನೆ ಸದ್ದಿಲ್ಲದೆ ಇರಲಿ ಎಂದು ಕಟ್ಟಿಕೊಂಡ ಹೆಂಡತಿಗೆ ಎರಡು ವರ್ಷ ಔಷಧ ಕುಡಿಸಿದ ಮನುಷ್ಯ. ಅವರ ಕೈಯಿಂದ ನಾನು ಎಷ್ಟು ಸಲ ಪ್ರಸಾದ ತಿಂದಿದ್ದೇನೆ. ಸತ್ತವರ ಬಗ್ಗೆ ಕೆಟ್ಟ ಮಾತು ಬೇಡವೆನ್ನುತ್ತಾರೆ. ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಅಚ್ಚು ಹಾಕಲಾಗದು.

ಶನಿವಾರ ರಾಯರು ಎಂದಿನಂತೆ ಬಗ್ಗಿಸಿಟ್ಟು ಹೊರಗೆ ಕುರ್ಚಿಗೆ ಹೋದರು. ಆಗ ಅನಸೂಯಕ್ಕ ಅವರ ಲೋಟವನ್ನು ಮೋರಿಗೆ ಖಾಲಿ ಮಾಡಿ, ತಮ್ಮ ಲೋಟದ್ದನ್ನು ಅದಕ್ಕೆ ಸುರಿದರು. ಒಂದು ಸಂಜೆ ಅವರೂ ತೊದಲಲಿ ಎಂಬ ಸಿಟ್ಟು, ಬೇರೇನಿಲ್ಲ. ತಮ್ಮ ಲೋಟವನ್ನು ಮೂರು ಸಲ ತೊಳೆದು ಬೋರಲು ಹಾಕಿದರು. ಆರು ಗಂಟೆಗೆ ಗಂಡ ಏಳಲಿಲ್ಲ.

"ನಾನ ಕೊಂದೆ, ವಸುಧಾ. ಅವರ ಹೃದಯ ಅಷ್ಟನ್ನೂ ತಡೀಲಿಲ್ಲ. ಹೇಳಲಿಕ್ಕೆ ಧೈರ್ಯ ಸಾಲಲಿಲ್ಲ. ರಚನಾನ ಬಿಡಿಸಿದ್ರ ಸಾಕು, ಆಮ್ಯಾಲ ನಾನ ಹೋಗಿ ಹೇಳ್ತೀನಿ ಅಂತ ಮಾಡಿದ್ದೆ."

ಇಲ್ಲಿಯೇ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಮುಚ್ಚಿಕೊಳ್ಳಲಿಲ್ಲ. ಅವರ ಸಂಕಟ ನೋಡಲಾಗದೆ ಹೇಳಿಬಿಟ್ಟೆ: ಅಕ್ಕಾ, ರಾಯರ ಲೋಟದ ಮುಂದೆ ಟ್ರೇಸ್ ಅಂತ ಬರೆದಿಲ್ಲ. ಅಂಕಿ ಬರೆದಿದ್ದಾರೆ.

ಅನಸೂಯಕ್ಕ ತಲೆ ಎತ್ತಿದರು. ಅಂಕಿಯೇ ಎಂದು ಎರಡು ಸಲ ಕೇಳಿದರು. ದೊಡ್ಡ ಅಂಕಿ ಎಂದೆ. ಎಷ್ಟೆಂದು ಮಾತ್ರ ಹೇಳಲಿಲ್ಲ. ಬೋಂಡೆಗೆ ಕೊಟ್ಟ ಮಾತು ನೆನಪಿತ್ತು.

"ಹಂಗಾಗಲಿಕ್ಕೆ ಶಕ್ಯ ಇಲ್ಲ. ನಾ ಸುರದದ್ದು ದಿನದ ಎರಡು ಹನಿ. ಸುರಿಯೂಕಿಂತ ಮೊದಲ ನಾಲಿಗಿ ಮ್ಯಾಲ ಇಟ್ಟು ನೋಡೀನಿ, ಅದ ಕಹಿ, ಅಷ್ಟ ಕಹಿ."

ಅರೆಗಳಿಗೆ ಅವರ ಮುಖ ಅರಳಿತು. ನಾನು ಕೊಂದಿಲ್ಲ ಎಂಬ ಅರಿವು ಅಲ್ಲಿ ಹೊಳೆದದ್ದನ್ನು ನಾನು ಕಂಡೆ. ಮರುಗಳಿಗೆಗೆ ಅದೇ ಮುಖದಲ್ಲಿ ಎಂಥ ಗಾಬರಿ ಬಂತೆಂದರೆ, ನಾನು ಅವರ ಭುಜ ಹಿಡಿದುಕೊಳ್ಳಬೇಕಾಯಿತು. ಏಕೆಂದರೆ ಅವರು ಸುರಿದಿಟ್ಟ ಮೇಲೆ ಆ ಲೋಟವನ್ನು ಅಡುಗೆಮನೆಯಿಂದ ರಾಯರ ಕುರ್ಚಿಯ ತನಕ ಒಯ್ದವಳು ಒಬ್ಬಳೇ.

ಆನಂದ್ ಎಂದೆ, ಹುಲ್ಲುಕಡ್ಡಿ ಹಿಡಿಯುವವಳ ಹಾಗೆ. ಅವನು ತನ್ನ ಲೋಟ ಎತ್ತಿಕೊಂಡು ಆಗಲೇ ಗೇಟಿನ ಬಳಿ ಫೋನಿನಲ್ಲಿದ್ದ ಎಂದರು ಅನಸೂಯಕ್ಕ. ಅದನ್ನು ಎದುರುಮನೆಯವರೂ ಪೊಲೀಸರಿಗೆ ಹೇಳಿದ್ದರು.

ರಚನಾಗೆ ಔಷಧದ ವಿಷಯ ಗೊತ್ತಿತ್ತೇ ಎಂದು ಕೇಳಿದೆ.

ಗೊತ್ತಿತ್ತು. ಶುಕ್ರವಾರ ಆ ಚೀಟಿ ಅವಳ ಕೈಗೂ ಸಿಕ್ಕಿತ್ತು. ಕನ್ನಡ ಓದಲು ತಡವರಿಸುವ ಹುಡುಗಿಗೆ ಇಂಗ್ಲಿಷ್ ಚೀಟಿ ಓದಲು ತೊಂದರೆಯೇನು. ಟ್ರೇಸ್ ಅಂದ್ರೇನು ಅತ್ತೆ ಎಂದು ಕೇಳಿದಳಂತೆ. ಅನಸೂಯಕ್ಕ ಎಲ್ಲವನ್ನೂ ಹೇಳಿದರಂತೆ, ಎರಡು ವರ್ಷವನ್ನೂ, ಎರಡು ಹನಿಯನ್ನೂ, ರಾಯರು ಕೊಟ್ಟ ಉತ್ತರವನ್ನೂ. ಕೇಳಿದವಳು ಅಳಲಿಲ್ಲ, ಬಯ್ಯಲಿಲ್ಲ. ಚೀಟಿ ಮಡಚಿ ಕೊಟ್ಟು ರಾಯರ ಕೋಣೆ ಗುಡಿಸಲು ಹೋದಳಂತೆ.

ಅವಳನ್ನು ಬಿಡಿಸಿ ಬಂದವಳು ನಾನು. ಗೆದ್ದೆನೆಂದು ಬೀಗಿದವಳು ನಾನು. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ತಲೆ ಗೋಡೆಗೆ ಚಚ್ಚಿಕೊಳ್ಳಬೇಕೆನಿಸಿತು.

ಅನಸೂಯಕ್ಕ ನನಗಿಂತ ಮೊದಲು ಎದ್ದರು. ನಡುಮನೆಯಲ್ಲಿದ್ದ ಅವರ ಮೊಬೈಲಿನಲ್ಲಿ ಬೋಂಡೆಯ ನಂಬರ್ ಇತ್ತು. ನಾನು ತಡೆಯುವಷ್ಟರಲ್ಲಿ ಒತ್ತಿದ್ದರು. ನಡುಗುವ ಬೆರಳಿಗೆ ಸ್ಪೀಕರೂ ತಾಗಿತ್ತು; ಬೋಂಡೆಯ ದನಿ ನಡುಮನೆಯ ತುಂಬ ಕೇಳಿಸಿತು. ಹುಡುಗಿಯನ್ನು ಕಳಿಸಿ ಅರ್ಧ ಗಂಟೆಯಾಯಿತು, ಕಾನ್‌ಸ್ಟೇಬಲ್ ಆಟೋ ಹತ್ತಿಸಿ ಬಂದಿದ್ದಾನೆ ಎಂದು ಅವನು ತಾನಾಗಿಯೇ ಹೇಳಿದ.

ಅನಸೂಯಕ್ಕ ಮರಾಠಿಯಲ್ಲಿ ಒಂದೊಂದೇ ಮಾತು ಹೇಳಿದರು, ಲ್ಯಾಬಿನ ವರದಿ ಓದುವ ಹಾಗೆ. ನನ್ನ ಗಂಡನಿಗೆ ಔಷಧ ಹಾಕಿದವಳು ನಾನು. ನಾನೊಬ್ಬಳೇ. ಅರ್ಧ ಶೀಶೆ ಹಾಕಿದೆ. ಬಂದು ಕರೆದುಕೊಂಡು ಹೋಗಿ, ಆ ಹುಡುಗಿಯನ್ನು ಇನ್ನು ಕರೆಯಬೇಡಿ.

ಅರ್ಧ ಶೀಶೆಯೇ ಎಂದು ಬೋಂಡೆ ನಿಧಾನವಾಗಿ ಕೇಳಿದ. ಅವನಿಗೆ ಅನುಮಾನ ಬಂದದ್ದು ನನಗೆ ಸ್ಪಷ್ಟವಾಗಿ ತಿಳಿಯಿತು. ಹೌದು, ಅರ್ಧ ಎಂದರು ಅನಸೂಯಕ್ಕ.

ಬಾಗಿಲ ಬಳಿ ನೆರಳು ಆಡಿತು. ರಚನಾ ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಅತ್ತೆಯ ಕೈಯಲ್ಲಿದ್ದ ಫೋನ್ ನೋಡಿದಳು, ಆಮೇಲೆ ಅತ್ತೆಯನ್ನು.

"ಅರ್ಧ ಅಲ್ಲ ಅತ್ತೆ," ಎಂದಳು ಕನ್ನಡದಲ್ಲಿ. "ಇಡೀದು."

ಅನಸೂಯಕ್ಕನ ಕೈಯಿಂದ ಫೋನ್ ಜಾರಿತು. ನಾನು ಹಿಡಿದುಕೊಂಡೆ.

"ವಸುಧಾ ಮೇಡಂ, ನೀವೂ ಅಲ್ಲೇ ಇದ್ದೀರಲ್ಲವೇ," ಎಂದ ಬೋಂಡೆ ಫೋನಿನಿಂದ. "ಈಗ ಮಾತಾಡಿದ್ದು ರಚನಾಳ ದನಿ. ನನಗೆ ನಿಮ್ಮ ಭಾಷೆ ತಿಳಿಯುವುದಿಲ್ಲ. ಅವಳು ಏನಂದಳು?"

ಇಬ್ಬರೂ ನನ್ನ ಬಾಯನ್ನೇ ನೋಡುತ್ತ ನಿಂತರು.